ಹೊಟ್ಟೆಯಲ್ಲಿಟ್ಟುಕೊಂಡ ಮಾತು

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕ್ಷೌರದಂಗಡಿ ಇಟ್ಟಿದ್ದವನನ್ನು ಎಲ್ಲರೂ ‘ರೇಡಿಯೋ’ ಎಂದೇ ಕರೆಯುತ್ತಿದ್ದರು. ಕತ್ತರಿ ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅವನ ಹೆಂಡತಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಗಂಡನ ಬಡಾಯಿ ಮಿತಿಮೀರಿದರೆ ಗೋಡೆಯಾಚೆಯಿಂದಲೇ, “ಸ್ವಲ್ಪ ಕಮ್ಮಿ ಬಿಡ್ರೀ, ಪಾಪ, ಅವ್ರ ತಲೇಲಿರೋ ನಾಲ್ಕು ಕೂದ್ಲೂ ಉದುರಿಹೋದಾವು” ಎನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ಉಂಡಾಗಲೆಲ್ಲ ಅವಳ ಹೊಟ್ಟೆ ಹಿಂಡತೊಡಗಿತು. ದಿನವಿಡೀ ಇಸ್ತ್ರಿಯ ಝಳದಲ್ಲಿ ನಿಂತರೂ ನೀರು ಕುಡಿಯುವುದು ಅಷ್ಟಕ್ಕಷ್ಟೆ, ಏಕೆಂದರೆ ಕಕ್ಕಸು ಓಣಿಯ ತುದಿಯಲ್ಲಿತ್ತು. ಹೃದಯದ ತೊಂದರೆಗೆಂದು ಡಾಕ್ಟರು ಹಿಂದೆ ಕೊಟ್ಟಿದ್ದ ಮಾತ್ರೆಯನ್ನೂ ನೆನಪಾದಾಗ ನುಂಗುತ್ತಿದ್ದಳು. ಒಂದು ಬೆಳಿಗ್ಗೆ ಅವಸರವಾಗಿ ಕಕ್ಕಸಿಗೆ ಓಡಿಹೋದವಳು ಬಿಳಿಚಿಕೊಂಡು ಬಂದಳು.

“ರಕ್ತ ಹೋಯ್ತು. ಮೂಲವ್ಯಾಧಿ ಇರ್ಬೇಕು. ಅಂಗಡೀಲಿ ಬಾಯಿ ಬಿಟ್ಟೀರಿ ಮತ್ತೆ!”

“ಡಾಕ್ಟ್ರ ಹತ್ರ ಹೋಗೋಣ ಬಾ.”

“ಇದನ್ನೆಲ್ಲ ತೋರಿಸ್ಕೊಂಡು... ನಂಗೆ ನಾಚಿಕೆ ಆಗುತ್ತಪ್ಪ. ಎರಡು ದಿನ ನೋಡೋಣ.”

ಊರಿನ ಗುಟ್ಟನ್ನೆಲ್ಲ ರಟ್ಟು ಮಾಡುವ ರೇಡಿಯೋ ಅದೊಂದನ್ನು ಮಾತ್ರ ಹೊಟ್ಟೆಯಲ್ಲಿಟ್ಟುಕೊಂಡ. ಮೂಲವ್ಯಾಧಿಯ ಮುಲಾಮು ತಂದುಕೊಟ್ಟ. ಆಮೇಲೊಂದು ದಿನ ಅವಳು ಇಸ್ತ್ರಿ ಮೇಜಿನ ಬುಡದಲ್ಲೇ ಕುಸಿದುಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನನ್ನು ಕೂರಿಸಿ ಹೇಳಿದರು: “ಹೃದಯ ಸೋತು, ಮೈಯಲ್ಲಿ ನೀರೂ ಕಮ್ಮಿಯಾಗಿ ದೊಡ್ಡ ಕರುಳಿಗೆ ರಕ್ತ ಸಾಲ್ತಾ ಇಲ್ಲ. ರಕ್ತ ಕಮ್ಮಿಯಾದ್ರೆ ಅದರ ಒಳಪದರ ಊದಿ ಹುಣ್ಣಾಗುತ್ತೆ. ಆ ನೋವು, ಆ ರಕ್ತ ಎಲ್ಲ ಅದರಿಂದಲೇ. ಬೇಗ ಬಂದ್ರೆ ಎಷ್ಟೋ ಜನ ಬರೀ ಡ್ರಿಪ್ಪು, ಔಷಧೀಲೇ ವಾಸಿ ಆಗ್ತಾರೆ. ಇವರಿಗೆ ಒಂದು ಭಾಗ ಸತ್ತೇ ಹೋಗಿದೆ. ತೆಗೀಲೇಬೇಕು.”

ಶಸ್ತ್ರಚಿಕಿತ್ಸೆಯ ನಂತರ ಕಣ್ಣು ಬಿಟ್ಟವಳು ಮಲ ಹೋಗಲೆಂದು ಹೊಟ್ಟೆಗೆ ಅಂಟಿಸಿದ ಚೀಲ ಮುಟ್ಟಿ ನೋಡಿದಳು. “ನಾಚಿಕೆ ಅಂತಿದ್ದೆ. ಈಗ ನೋಡಿ, ಹೊರಗೇ ನೇತುಹಾಕಿದಾರೆ” ಎಂದು ನಗಲು ಹೋಗಿ ಹೊಲಿಗೆ ಹಿಡಿದು ಮುಖ ಕಿವುಚಿದಳು. “ಏನಾದ್ರೂ ಮಾತಾಡ್ರೀ.”

ಅವನು ಅವಳ ಕೈ ಹಿಡಿದುಕೊಂಡು ಕೂತ. ಸತ್ತ ಕರುಳಿನ ನಂಜು ಆಗಲೇ ಮೈಯೆಲ್ಲ ಏರಿತ್ತು. ಮರುದಿನ ಮಧ್ಯಾಹ್ನ ಅವಳು ಹೋಗಿಬಿಟ್ಟಳು.

ಆಮೇಲೆ ಅಂಗಡಿಯಲ್ಲಿ ಕತ್ತರಿಯ ಸದ್ದಷ್ಟೇ ಉಳಿಯಿತು.

ಮಳೆಗಾಲ ಕಳೆದ ಮೇಲೆ ಒಂದು ದಿನ ಡ್ರಿಲ್ ಮೇಷ್ಟ್ರು ಕ್ಷೌರಕ್ಕೆ ಬಂದರು. ಓಟದ ಹುಚ್ಚಿನ ಮನುಷ್ಯ, ಸುಡುಬಿಸಿಲಲ್ಲೂ ಮೈದಾನ ಸುತ್ತುವವರು. ಒಂದು ಕೆನ್ನೆ ಬೋಳಿಸಿ ಮುಗಿಸುವಾಗ ಪಿಸುಗುಟ್ಟಿದರು: “ನಿನ್ನೆ ಓಡಿ ಬಂದಾಗಿಂದ ಹೊಟ್ಟೆ ಹಿಂಡ್ತಿದೆ ಕಣೋ. ಸ್ವಲ್ಪ ರಕ್ತಾನೂ... ಯಾರಿಗೂ ಹೇಳ್ಬೇಡ.”

ಅವನು ಕತ್ತಿ ಕೆಳಗಿಟ್ಟ. ಅರ್ಧ ಬೋಳಿಸಿದ ಮುಖದಲ್ಲೇ ಮೇಷ್ಟರನ್ನು ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದೊಯ್ದ. ಬಾಗಿಲಲ್ಲೇ ನಿಂತು, “ಇವ್ರಿಗೆ ರಕ್ತ ಹೋಗ್ತಿದೆ, ಬೇಗ ನೋಡಿ!” ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ಡಾಕ್ಟರಮ್ಮ ಪರೀಕ್ಷಿಸಿದರೆ, ಹೆಂಡತಿಗೆ ಬಂದಿದ್ದ ಅದೇ ಕಾಯಿಲೆ.

ಕೆಲವು ದಿನಗಳಲ್ಲೇ ಮೇಷ್ಟ್ರು ನಗುನಗುತ್ತಾ ಅಂಗಡಿಗೆ ಬಂದರು. “ಉಪವಾಸ ಇಟ್ರು, ಡ್ರಿಪ್ಪು ಕೊಟ್ರು, ಅಷ್ಟೇ ಕಣೋ. ಕತ್ತರಿ ಹಾಕೋ ಮಾತೇ ಬರಲಿಲ್ಲ. ನನ್ನ ಜೀವ ಉಳಿಸಿದೆ ನೀನು.”

“ಅಷ್ಟೇನಾ, ಸಾರ್?” ಎಂದ ಅವನು.

“ಅಷ್ಟೇ.”

“ಬರೀ ಅಷ್ಟೇನಾ?” ಎಂದು ಮತ್ತೆ ಕೇಳಿದವನು ಕುರ್ಚಿಯ ಬೆನ್ನು ಹಿಡಿದುಕೊಂಡು, ಗಿರಾಕಿಗಳೆಲ್ಲರ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತ.