ಫೋರ್ಕ್‌ಲಿಫ್ಟಿನ ಹಿಂದೆ ನಿಂತವರು

ಹಾಸನದ ಹೊರವಲಯದ ಕಂಟೇನರ್ ಯಾರ್ಡ್‌ನಲ್ಲಿ ಕಾಫಿ ಮೂಟೆ ತುಂಬಿಸುವ ಕೆಲಸ ನನ್ನ ಭಾವನದು. ಅಲ್ಲೊಂದು ಪದ್ಧತಿ. ಫೋರ್ಕ್‌ಲಿಫ್ಟ್ ಗಾಡಿ ತನ್ನ ಶಕ್ತಿ ಮೀರಿ ಮುಂದುಗಡೆ ಭಾರ ಎತ್ತಿದರೆ ಹಿಂದಿನ ಚಕ್ರಗಳು ನೆಲ ಬಿಡುತ್ತವೆ. ಹಾಗಾಗದಿರಲೆಂದು ಇಬ್ಬರು ಮೂವರು ಹಿಂಬದಿಗೆ ಹತ್ತಿ ನಿಲ್ಲುತ್ತಾರೆ. ಮನುಷ್ಯರೇ ತೂಕದ ಕಲ್ಲು. ಕಳೆದ ಮಳೆಗಾಲದಲ್ಲಿ ಭಾವ ಹಾಗೆ ನಿಂತಿದ್ದಾಗ ಮೂಟೆಗಳು ಮುಂದಕ್ಕೆ ಜಾರಿದವು. ಎದ್ದಿದ್ದ ಹಿಂಭಾಗ ಧೊಪ್ಪೆಂದು ಕುಕ್ಕಿತು. ಭಾವ ಕೆಳಗೆ ಬಿದ್ದರು. ಚಕ್ರ ಎಡಪಾದದ ಮೇಲೆ ಹರಿಯಿತು.

ವಿಚಾರಣೆಗೆ ಕರೆದಾಗ ಹೊಳೆನರಸೀಪುರದಿಂದ ನಾನೂ ಜತೆಗೆ ಹೋದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವನೆಂದು ಅಕ್ಕನೇ ಕಳಿಸಿದ್ದಳು. ಕೆಲಸದಲ್ಲಾದ ಪೆಟ್ಟು ಎಂದು ಒಪ್ಪಿದರೆ ಭಾವನ ಕೆಲಸ ಉಳಿಯುತ್ತದೆ. ತಾನಾಗಿ ಹತ್ತಿದ ಎಂದಾದರೆ ಇಲ್ಲ.

ಮ್ಯಾನೇಜರ್ ಕೇಳಿದ್ದು ಇಷ್ಟೇ: "ಯಾರು ಹತ್ತು ಅಂದ್ರು?"

"ಪ್ರಶ್ನೆಯೇ ತಪ್ಪು ಸಾರ್," ಅಂದೆ. "ಅಷ್ಟು ಭಾರಕ್ಕೆ ಚಿಕ್ಕ ಗಾಡಿ ಕೊಟ್ಟಿದ್ಯಾರು ಅಂತ ಕೇಳಿ. ಕಿಟಕಿಯಾಚೆ ನೋಡಿ, ಈಗ್ಲೂ ನಿಂತಿದಾರೆ."

ನಿಜಕ್ಕೂ ಇಬ್ಬರು ಗಾಡಿಯ ಹಿಂಬದಿ ಹತ್ತಿ ನಿಂತಿದ್ದರು. ಮ್ಯಾನೇಜರ್ ಎದ್ದು ಕೂಗಿದರು, "ಲೇ, ಇಳೀರ್ಲಾ ಕೆಳಗೆ!"

ಅವರು ಇಳಿದರು. ಗಾಡಿಯ ಹಿಂಭಾಗ ಮೆಲ್ಲಗೆ ಮೇಲೇಳತೊಡಗಿತು.

"ಅಯ್ಯೋ, ಹತ್ರೋ! ಬೇಗ ಹತ್ರೋ!" ಎಂದವರೂ ಮ್ಯಾನೇಜರೇ.

"ಸಿಕ್ತಲ್ಲ ಸಾರ್ ಉತ್ತರ?" ಎಂದೆ. ಗೆದ್ದೆನೆಂದೇ ಅಂದುಕೊಂಡಿದ್ದೆ.

"ಇವತ್ತು ನಾನಂದೆ ಕಣಯ್ಯ. ಅವತ್ತು ಯಾರಂದಿದ್ದು?"

ಬಾಗಿಲಲ್ಲಿ ನಿಂತಿದ್ದ ಅರಕಲಗೂಡಿನ ಡ್ರೈವರ್, ಅಂದು ಗಾಡಿ ಓಡಿಸಿದವನು, ನೆಲ ನೋಡುತ್ತಿದ್ದ. ಭಾವ ಅವನನ್ನೊಮ್ಮೆ ನೋಡಿದರು. "ಯಾರೂ ಅನ್ನಿಲ್ಲ ಸಾ. ನಾನೇ ಅತ್ತಿದ್ದು. ದಿನಾ ಅತ್ತೋದೇ ಅಲ್ವಾ?"

ಮ್ಯಾನೇಜರ್ ಕೊನೆಯ ವಾಕ್ಯವನ್ನು ಕೇಳಿಸಿಕೊಳ್ಳಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ತಡೆಯಲಾರದೆ ಕೇಳಿದೆ, "ಡ್ರೈವರ್ ಅಂದ ಅಂತ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಭಾವ?"

"ಅವ್ನೂ ಅನ್ನಿಲ್ಲ ಕಣಪ್ಪ. ಅವ್ನು ಅನ್ನೋಕ್ ಮುಂಚೇನೆ ಅತ್ತಿರ್ತೀವಿ."

ರೂಢಿಯೂ ಒಂದು ಆಜ್ಞೆಯೇ, ಅದನ್ನು ನಡೆಯಗೊಟ್ಟವರೇ ಆಜ್ಞೆ ಕೊಟ್ಟವರು ಎಂದು ವಾದ ಶುರುಮಾಡಿದೆ. ಭಾವ ಎರಡೂ ಕೈಯಿಂದ ಕಾಲನ್ನೆತ್ತಿ ಬ್ಯಾಗಿನ ಮೇಲಿಟ್ಟುಕೊಂಡರು. "ಸಾಕು ಬುಡು ಮಾರಾಯ. ನೋಯ್ತಾ ಅದೆ."

ವಾರದೊಳಗೆ ಕೆಲಸ ಹೋಯಿತು. ಅಕ್ಕ ಈಗ ಬೆಳಗ್ಗೆ ಗಾರ್ಮೆಂಟ್ಸ್ ಬಸ್ಸು ಹಿಡಿಯುತ್ತಾಳೆ. ಭಾವ ಗೋಡೆ ಹಿಡಿದು ಅಡುಗೆಮನೆಗೆ ನಡೆದು ಅವಳ ಡಬ್ಬಿಗೆ ಅನ್ನ ತುಂಬುತ್ತಾರೆ.