ಹೆಬ್ಬೆರಳಿನ ಗೆರೆ

ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಹಾವೇರಿಯ ಕಚೇರಿಯೊಂದರಲ್ಲಿ ನೌಕರಿ ಖಾತ್ರಿ, ದಿನಾ ಹಾಜರಿಗೆ ಯಂತ್ರದ ಮೇಲೆ ಹೆಬ್ಬೆರಳು ಒತ್ತಬೇಕು ಎಂದು ಏಜೆಂಟನೊಬ್ಬ ಹೇಳಿದ್ದೇ ತಡ, ಕೂಲಿ ಬಿಟ್ಟಳು. ತೊಟ್ಟು ಬಿಡಿಸಿ ಬಿಡಿಸಿ ಗೆರೆ ಸವೆದಿದ್ದ ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತ, "ಗೆರಿ ಮೂಡಾಕತ್ತಾವ ನೋಡ್ರಿ ಅಕ್ಕಾರ" ಎಂದು ದಿನಾ ತೋರಿಸುತ್ತಿದ್ದಳು. ನನಗೆ ಒಂದು ಗೆರೆಯೂ ಕಾಣುತ್ತಿರಲಿಲ್ಲ. "ಹೌದವಾ" ಎನ್ನುತ್ತಿದ್ದೆ.

ಹಾಜರಾಗುವ ದಿನ ಅವಳ ಜೊತೆ ನಾನೂ ಹೋದೆ. ಏಜೆಂಟ ಕೊಟ್ಟಿದ್ದ ನೌಕರಿಯ ಪತ್ರದಲ್ಲಿದ್ದ ವಿಳಾಸದಲ್ಲಿ ಕಚೇರಿಯೇ ಇರಲಿಲ್ಲ. ಏಜೆಂಟನ ಫೋನು ಬಂದ್ ಆಗಿತ್ತು.

"ಇದ ಕಾಗದ ಹಿಡ್ಕೊಂಡು ಭಾಳ ಮಂದಿ ಬಂದು ಹೋದ್ರವಾ" ಎಂದ ಎದುರಿನ ಚಹಾದಂಗಡಿಯವ.

ಮರುದಿನ ಅವಳು ಮತ್ತೆ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತಿದ್ದಳು. ಹೆಬ್ಬೆರಳಿಗೆ ಮಾತ್ರ ಬಟ್ಟೆ ಸುತ್ತಿಕೊಂಡಿದ್ದಳು.