ಗುರುಗ್ರಹಕ್ಕೆ ಒಂದು ಹೆಸರು

ನಿನ್ನೆ ಸಂಜೆ ನಮ್ಮ ಎಂ.ಸಿ.ಸಿ. ಬಡಾವಣೆಯ ಮೂಲೆಯ ಗಾಡಿಯಲ್ಲಿ ಮಿರ್ಚಿ ಕಟ್ಟಿಸಿಕೊಂಡು ಬಂದೆ. ಡಾಕ್ಟರು ಬೇಡವೆಂದಿದ್ದಾರೆ, ಅದಕ್ಕೇ ಎರಡೇ ತಂದೆ. ತಿಂದು ಕಾಗದ ಮುದುರುವಾಗ, ಎಣ್ಣೆ ಹೀರಿದ ಚಿತ್ರವೊಂದು ಕಣ್ಣಿಗೆ ಬಿತ್ತು: ಗುರುಗ್ರಹದ ಚಂದ್ರ ಯುರೋಪಾ. ಮೈತುಂಬ ಹಿಮ, ಹಿಮದ ತುಂಬ ಬಿರುಕು. ಅದನ್ನು ನೋಡಲು ಹೊರಟ ನೌಕೆ ಇನ್ನೂ ದಾರಿಯಲ್ಲಿದೆಯಂತೆ. ನನಗೆ ಹರಿಹರದ ಶಾಂತಕ್ಕನ ನೆನಪಾಯಿತು. ಹಿಂದೊಮ್ಮೆ ಇದೇ ಚಂದ್ರನ ಪಟ ತೋರಿಸಿದಾಗ ಆಕೆ, "ಥೇಟ್ ನನ್ನ ಹಿಮ್ಮಡಿ ಇದ್ದಂಗೈತಲ್ರಿ ಮೇಷ್ಟ್ರೇ, ಒಂದೀಟು ಕೊಬ್ರಿ ಎಣ್ಣಿ ಹಚ್ಚಾಕೆ ಯಾರೂ ಇಲ್ಲೇನು?" ಅಂದಿದ್ದರು.

ನಾನು ಹರಿಹರದಲ್ಲಿ ಮೇಷ್ಟರಾಗಿದ್ದಾಗ ಬಾಡಿಗೆಗಿದ್ದ ಮನೆಯ ಯಜಮಾನಿ ಈ ಶಾಂತಕ್ಕ. ಗಂಡ ಕಾರ್ಖಾನೆಯೊಂದರಲ್ಲಿ ಟರ್ನರ್; ಲೇತ್ ಯಂತ್ರದ ಮೇಲೆ ಕಬ್ಬಿಣವನ್ನು ಬೆಣ್ಣೆಯಂತೆ ಕೊರೆಯುತ್ತಿದ್ದವರು. ಅವರೇ ಕೊಳವೆ ಕಡೆದು, ದಾವಣಗೆರೆಯ ಕನ್ನಡಕದ ದಾದಾಪೀರ್ ಸಾಬರಿಂದ ಮಸೂರ ಹಾಕಿಸಿ ಒಂದು ದುರ್ಬೀನು ಮಾಡಿದ್ದರು. ದೀಪ ಹಚ್ಚುವ ಹೊತ್ತಿಗೆ ತಾರಸಿಗೆ ಕರೆದು ಗುರುವನ್ನೂ ಅದರ ಅಕ್ಕಪಕ್ಕದ ನಾಲ್ಕು ಚುಕ್ಕಿ ಚಂದ್ರರನ್ನೂ ತೋರಿಸುವರು. ವಿಜ್ಞಾನದ ಪಾಠ ಮಾಡುತ್ತಿದ್ದ ನಾನು ಆ ಚಂದ್ರರನ್ನು ಮೊದಲು ಕಂಡದ್ದೇ ಅಲ್ಲಿ ಎಂದರೆ ನೀವು ನಗುತ್ತೀರಿ. ನಗಿ, ಅವರೂ ನಕ್ಕಿದ್ದರು.

ಅವರು ತೀರಿಕೊಂಡು ಐದು ವರ್ಷವಾದ ಮೇಲೆ ಶಾಂತಕ್ಕನನ್ನು ನೋಡಲು ಹೋಗಿದ್ದೆ. ಆ ಹಿಮ್ಮಡಿಯ ಮಾತು ಬಂದದ್ದು ಆಗಲೇ. ಈ ಚಂದ್ರನ ಕಡೆಗೆ ನೌಕೆ ಹೊರಡುತ್ತದೆ, ಬಯಸಿದವರ ಹೆಸರನ್ನೆಲ್ಲ ಕೂದಲೆಳೆಗಿಂತ ಸಣ್ಣ ಅಕ್ಷರದಲ್ಲಿ ಕೊರೆದು ಒಯ್ಯುತ್ತಾರೆ, ಹೆಸರು ಕೊಡಲು ಇವತ್ತೇ ಕಡೆಯ ದಿನ ಎಂದೆ. ಕೊಚ್ಚಿಕೊಳ್ಳಲು ಹೇಳಿದ್ದು, ನನ್ನ ಹೆಸರು ಆಗಲೇ ಕೊಟ್ಟಾಗಿತ್ತು.

"ಅಷ್ಟು ಸಣ್ಣಗೆ ಕೊರೀತಾರಾ? ನಮ್ಮೋರು ಇದ್ದಿದ್ರೆ, ಯಾವ ಮಷೀನು ಅಂತ ಕೇಳಿ ಕೇಳಿ ನಿಮ್ಮ ಜೀವ ತಿಂತಿದ್ರು." ಪಟವನ್ನು ಇನ್ನೊಮ್ಮೆ ನೋಡಿ ಹೇಳಿದರು: "ಗುಡ್ಯಾಗೆ ಸತ್ತೋರ ಹೆಸರಿಗೆ ಅರ್ಚನೆ ಮಾಡಂಗಿಲ್ಲ. ಅವ್ರ ಹೆಸರು ಈಗ ಎಲ್ಲೂ ಯಾರೂ ಅನ್ನಂಗಿಲ್ಲ. ಈ ನೌಕೆಯೋರು ಕೇಳ್ತಾರೇನ್ರಿ, ಇದ್ದಾರೋ ಇಲ್ಲೋ ಅಂತ?"

"ಇಲ್ಲಕ್ಕ. ಹೆಸರಷ್ಟೇ ಕೇಳ್ತಾರೆ."

"ಹಂಗಾರೆ ಅವರದ್ದೂ ಹೋಗ್ಲಿ."

ನಾನು ಮೊಬೈಲು ತೆಗೆದು ಬರೆಯಹೊರಟೆ.

"ನಿಲ್ರಿ, ನೀವಾಗೇ ಬರಿಬ್ಯಾಡ್ರಿ. ಅದು ನೀವು ಕಳಿಸಿದಂಗಾತು. ಅರ್ಚನೆಗೆ ಮನಿಯೋರು ಬಾಯಿಬಿಟ್ಟು ಹೆಸರು ಹೇಳ್ಬೇಕು."

"ಹೇಳ್ರಿ ಮತ್ತೆ."

ಅಲ್ಲಿ ಸಿಕ್ಕಿಬಿದ್ದರು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಹಿರಿಯರು ಕಲಿಸಿದ್ದನ್ನು ಜೀವಮಾನವಿಡೀ ಪಾಲಿಸಿದ ಬಾಯಿ ಅದು. ಮದುವೆಯ ದಿನ ಹೊಸಿಲಲ್ಲಿ ಹೆಂಗಸರು ಅಡ್ಡಗಟ್ಟಿದಾಗ ಒಡಪು ಕಟ್ಟಿ, ಪ್ರಾಸದ ತುದಿಗೆ ಹೆಸರು ಸಿಕ್ಕಿಸಿ ಹೇಳಿದ್ದೇ ಮೊದಲು, ಅದೇ ಕೊನೆ. ಎದ್ದರು. ಚಹಾ ಇಟ್ಟರು. ಅದು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು.

"ಆಯುಷ್ಯದ ಭಯ ಇನ್ನೆಲ್ಲೈತಕ್ಕ?" ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಪಾಠ ಹೇಳಿ ಹೇಳಿ ಮೇಷ್ಟರ ಬಾಯಿಗೆ ಬಾಗಿಲೇ ಇರುವುದಿಲ್ಲ.

ಶಾಂತಕ್ಕ ಒಲೆಯ ಕಡೆಗೆ ಮುಖ ಮಾಡಿಕೊಂಡೇ ನಿಧಾನವಾಗಿ ಹೇಳಿದರು:

"ಹರಿಹರದ ಹೊಳಿ ದಾಟಿ, ಹತ್ತು ಮುಗಿಲ ದಾಟಿ,
ಹಿಮದ ಹೊಸಿಲಿಗೆ ಹೊಂಟಾರೆ ನಮ್ಮ ಹಾಲೇಶಪ್ಪನೋರು."

ನಾನು ಬರೆದು ಒತ್ತಿದೆ. ಹೋಯಿತು. ಇಬ್ಬರೂ ಅರ್ಧ ಲೋಟ ಚಹಾ ಕುಡಿದೆವು, ಉಳಿದದ್ದೇ ಅಷ್ಟು.

ನಿನ್ನೆ ಕೈ ಒರೆಸಿಕೊಂಡು ಅವರಿಗೆ ಫೋನು ಹಚ್ಚಿದೆ. ನೌಕೆ ಇನ್ನೂ ಹೋಗುತ್ತಲೇ ಇದೆ, ಮುಟ್ಟಲು ಇನ್ನೂ ಕೆಲವು ವರ್ಷ ಬೇಕು ಎಂದೆ.

"ಹೋಗ್ಲಿ ಬಿಡ್ರಿ, ಹಾಲೇಶಪ್ಪನೋರಿಗೆ ಯಾವತ್ತು ಅವಸರ ಇತ್ತು? ಸಂತಿಗೆ ಹೋದ್ರೂ ಹಂಗೇ, ದಾರ್‍ಯಾಗೆ ಯಾರ್‍ದಾರ ಪಂಪು ಕೆಟ್ಟಿದ್ರೆ ಬಿಚ್ಚಿಕೆಂಡು ಕುಂತುಬಿಡೋರು ಹಾಲೇಶಪ್ಪನೋರು."

ಎಷ್ಟು ಸಲೀಸಾಗಿ, ಮನೆಯೊಳಗೆ ಓಡಾಡುವವರನ್ನು ಕರೆದ ಹಾಗೆ! ಇನ್ನೊಮ್ಮೆ ಕೇಳಬೇಕೆನಿಸಿತು ನನಗೆ.

"ಯಾರು, ಶಾಂತಕ್ಕ?" ಎಂದೆ, ಕೇಳಿಸದವನಂತೆ.

"ಹಾಲೇಶಪ್ಪನೋರು ರೀ!" ಅತ್ತಲಿಂದ ಕೂಗಿದರು. "ಕಿವಿ ಮಂದ ಆದ್ವೇನ್ರಿ ಮೇಷ್ಟ್ರೇ?"